ಐದು ಗುಣ, ನಾಲ್ಕು ಅಕ್ಷರ, ಹತ್ತು ಬೆರಳು: ವ್ಯಕ್ತಿತ್ವದ ಟೆಸ್ಟ್‌ಗಳು ಎಷ್ಟು ಹೇಳಬಲ್ಲವು?

2019ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಹಾಸನ ರಾಜ್ಯಕ್ಕೇ ಮೊದಲು ಬಂದಿತ್ತು. ಅಂಕದ ಮೇಲೆ ಈ ಜಿಲ್ಲೆಗಿರುವ ಆಸೆ ಹೊಸದಲ್ಲ. ಈಚೆಗೆ ಅಂಕಪಟ್ಟಿಯ ಜತೆ ಇನ್ನೊಂದು ಕಾಗದವೂ ಮನೆಗೆ ಬರತೊಡಗಿದೆ: ಮಗುವಿನ ಬೆರಳಚ್ಚು ನೋಡಿ ಬರೆದ ‘ಪರ್ಸನಾಲಿಟಿ ರಿಪೋರ್ಟ್’. ಸ್ಪೈರಲ್ ಬೈಂಡಿಂಗ್, ಬಣ್ಣಬಣ್ಣದ ಗ್ರಾಫು, ಮೊದಲ ಪುಟದಲ್ಲಿ ಮಗುವಿನ ಫೋಟೊ, ಒಳಗೆ ‘ಅಂತರ್ಮುಖಿ, ಎಡ ಮಿದುಳು ಪ್ರಧಾನ, ಕಾಮರ್ಸ್ ಸೂಕ್ತ’ ಎಂಬಂಥ ತೀರ್ಪು. ಪಿಯುಸಿಗೆ ಯಾವ ಕಾಂಬಿನೇಷನ್ ಕೊಡಿಸುವುದೆಂದು ತಲೆ ಕೆಡಿಸಿಕೊಂಡ ಅಪ್ಪ ಅಮ್ಮನಿಗೆ ಇಷ್ಟು ಖಡಾಖಂಡಿತವಾಗಿ ಹೇಳುವವರು ಬೇರೆ ಯಾರೂ ಸಿಗುವುದಿಲ್ಲ. ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಇದಕ್ಕೆ ಬೇರೆ ವೇಷ. ಕ್ಯಾಂಪಸ್ ಸೆಲೆಕ್ಷನ್‌ನಲ್ಲಿ ಆಪ್ಟಿಟ್ಯೂಡ್ ಟೆಸ್ಟ್ ಮುಗಿದ ಮೇಲೆ ‘ಒಪ್ಪುತ್ತೇನೆ, ಒಪ್ಪುವುದಿಲ್ಲ’ ಎಂದು ಒತ್ತುತ್ತಾ ಹೋಗುವ ಪ್ರಶ್ನೆಗಳ ಸಾಲು. ಇನ್ನು ಹುಡುಗ ಹುಡುಗಿಯರ ಇನ್‌ಸ್ಟಾಗ್ರಾಮ್ ಖಾತೆಯಲ್ಲಿ ಹೆಸರಿನ ಕೆಳಗೆ ‘ಐಎನ್‌ಎಫ್‌ಪಿ’ ತರಹದ ನಾಲ್ಕು ಅಕ್ಷರ.

ಮೂರನ್ನೂ ಜನ ಪರ್ಸನಾಲಿಟಿ ಟೆಸ್ಟ್ ಎಂದೇ ಕರೆಯುತ್ತಾರೆ. ಹಿಂದಿರುವ ಅಧ್ಯಯನ ನೋಡಿದರೆ ಒಂದಕ್ಕೂ ಇನ್ನೊಂದಕ್ಕೂ ಅಜಗಜಾಂತರ. ಒಂದಕ್ಕೆ ದಶಕಗಳ ಸಂಶೋಧನೆಯ ಬೆಂಬಲವಿದೆ, ಒಂದಕ್ಕೆ ಅರೆಬರೆ ಬೆಂಬಲ, ಮತ್ತೊಂದಕ್ಕೆ ಏನೂ ಇಲ್ಲ. ಬೆಂಬಲ ಇರುವ ಟೆಸ್ಟ್ ಕೂಡ ಸಾವಿರಾರು ಜನರ ಗುಂಪಿನ ಬಗ್ಗೆ ಚೆನ್ನಾಗಿಯೇ ಹೇಳುತ್ತದೆ. ಎದುರಿಗೆ ಕೂತ ಒಬ್ಬ ಹುಡುಗನ ಬಗ್ಗೆ ಕೇಳಿದರೆ ತಡವರಿಸುತ್ತದೆ. ರಿಪೋರ್ಟ್ ಮಾರುವವರು ಹೇಳದೆ ಬಿಡುವುದು ಇದನ್ನೇ.

ವ್ಯಕ್ತಿತ್ವ ಎಂದರೇನು ಎಂಬ ಪ್ರಶ್ನೆಗೆ ಮನಶ್ಶಾಸ್ತ್ರದಲ್ಲಿ ಎಲ್ಲರೂ ಒಪ್ಪಿದ ಉತ್ತರ ಯಾವತ್ತೂ ಇರಲಿಲ್ಲ. ಫ್ರಾಯ್ಡ್‌ಗೆ ಅದು ನಮಗೇ ಗೊತ್ತಾಗದ ಆಸೆಗಳ ಒಳಜಗಳ. ರೋಜರ್ಸ್ ಮತ್ತು ಮಾಸ್ಲೋಗೆ ತಾನು ಆಗಬಹುದಾದದ್ದನ್ನೆಲ್ಲ ಆಗುವ ಹಂಬಲ. ಬಂಡೂರಾಗೆ ನೋಡಿ ಕಲಿತದ್ದು, ತನ್ನ ಮೇಲೆ ತಾನಿಟ್ಟ ಭರವಸೆ. ಬಿ.ಎಡ್ ಗೈಡುಗಳಲ್ಲಿ ಇವೆಲ್ಲ ಪುಟಗಟ್ಟಲೆ ಸಿಗುವುದರಿಂದ ಇಲ್ಲಿ ಬೆಳೆಸುವುದಿಲ್ಲ. ಇವತ್ತು ಕೆಲಸದ ಮತ್ತು ಕಾಲೇಜಿನ ಬಾಗಿಲಲ್ಲಿ ನಿಂತಿರುವುದು ಇನ್ನೊಂದು ಸಿದ್ಧಾಂತ, ಗುಣಲಕ್ಷಣಗಳದ್ದು.

ಅದು ಶುರುವಾದದ್ದು ನಿಘಂಟಿನಿಂದ. ಮನುಷ್ಯರ ನಡುವಿನ ಮುಖ್ಯ ವ್ಯತ್ಯಾಸಗಳಿಗೆಲ್ಲ ಭಾಷೆ ಆಗಲೇ ಹೆಸರಿಟ್ಟಿರುತ್ತದೆ ಎಂಬ ನಂಬಿಕೆಯಿಂದ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಓಡ್ಬರ್ಟ್ 1936ರಲ್ಲಿ ಇಂಗ್ಲಿಷ್ ನಿಘಂಟನ್ನು ಜಾಲಾಡಿ ಸುಮಾರು 18,000 ಪದ ಹೆಕ್ಕಿದರು. ಅದರಲ್ಲಿ ಸ್ಥಿರ ಗುಣಗಳನ್ನು ಹೇಳುವವು 4,500ರಷ್ಟು. ರೇಮಂಡ್ ಕ್ಯಾಟೆಲ್ ಆ ರಾಶಿಯನ್ನು ಇಳಿಸುತ್ತಾ ಹೋಗಿ 16ಕ್ಕೆ ತಂದು ನಿಲ್ಲಿಸಿದರು. 1961ರಲ್ಲಿ ಅಮೆರಿಕದ ವಾಯುಪಡೆಯ ಸಂಶೋಧಕರಾದ ಟ್ಯೂಪ್ಸ್ ಮತ್ತು ಕ್ರಿಸ್ಟಲ್ ಬೇರೆ ಬೇರೆ ಗುಂಪುಗಳ ಮಾಹಿತಿ ತಿರುವಿ ಹಾಕಿದಾಗ ಮತ್ತೆ ಮತ್ತೆ ಎದ್ದು ಬಂದದ್ದು ಐದೇ ಗೊಂಚಲು. ಅದನ್ನು ‘ಬಿಗ್ ಫೈವ್’ ಎಂದವರು ಲೂಯಿಸ್ ಗೋಲ್ಡ್‌ಬರ್ಗ್. ಬಹಿರ್ಮುಖತೆ, ಹೊಂದಿಕೊಳ್ಳುವ ಗುಣ, ಅಚ್ಚುಕಟ್ಟುತನ, ಮನಸ್ಸು ಬೇಗ ಕಲಕುವ ಗುಣ, ಹೊಸದಕ್ಕೆ ತೆರೆದುಕೊಳ್ಳುವ ಗುಣ. ಕೋಸ್ಟಾ ಮತ್ತು ಮೆಕ್ರೇ ಇದನ್ನು ಅಳೆಯಲು ಮಾಡಿದ ಪ್ರಶ್ನಾವಳಿಯ 1992ರ ಆವೃತ್ತಿಯಲ್ಲಿ 240 ವಾಕ್ಯಗಳಿವೆ. ಪ್ರಾಮಾಣಿಕತೆ ಮತ್ತು ವಿನಯವನ್ನು ಆರನೆಯ ಗುಣವಾಗಿ ಸೇರಿಸಬೇಕು ಎಂಬ ಆಷ್ಟನ್ ಮತ್ತು ಲೀ ಅವರ ವಾದಕ್ಕೂ ಈಗ ಬಲ ಬಂದಿದೆ. ನಮ್ಮ ಕಡೆ ಹೆಣ್ಣು ಗಂಡು ನೋಡಲು ಹೋದಾಗ ಮೊದಲು ವಿಚಾರಿಸುವುದೇ ಆ ಆರನೆಯದನ್ನು, ಇರಲಿ.

ಗೊಂಚಲು ಹುಡುಕುವ ಗಣಿತಕ್ಕೆ ಅಂಶ ವಿಶ್ಲೇಷಣೆ ಎಂದು ಹೆಸರು. ‘ಜನರ ನಡುವೆ ಇದ್ದರೆ ಖುಷಿ’ ಎಂದವರು ಸಾಮಾನ್ಯವಾಗಿ ‘ಮಾತು ನಾನೇ ಶುರು ಮಾಡುತ್ತೇನೆ’ ಎಂದೂ ಹೇಳುತ್ತಾರೆ. ‘ಕೊಟ್ಟ ಕೆಲಸ ಹೊತ್ತಿಗೆ ಮುಗಿಸುತ್ತೇನೆ’ ಎಂಬುದು ಅವರಲ್ಲಿ ಕೆಲವರದು ಮಾತ್ರ. ಯಾವ ಉತ್ತರ ಯಾವುದರ ಜತೆ ಹೋಗುತ್ತದೆ ಎಂದು ಲೆಕ್ಕ ಹಾಕಿ, ಜತೆಗೆ ಹೋಗುವವುಗಳ ಹಿಂದೆ ಒಂದು ಗುಣವಿದೆ ಎಂದು ಊಹಿಸುವುದು ಅದರ ಕ್ರಮ. 1904ರಲ್ಲಿ ಇದಕ್ಕೆ ಅಡಿಪಾಯ ಹಾಕಿದವರು ಲಂಡನ್ನಿನ ಚಾರ್ಲ್ಸ್ ಸ್ಪಿಯರ್‌ಮನ್. ಅವರ ಕೈಕೆಳಗೆ ಕಲಿತ ಎಂ.ವಿ. ಗೋಪಾಲಸ್ವಾಮಿ ಊರಿಗೆ ಬಂದು 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದರು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಶುರು ಮಾಡಿದವರೂ ಇವರೇ. ಈ ವಿದ್ಯೆಯ ಮೂಲ ಗುರುವಿನ ಶಿಷ್ಯರೇ ನಮ್ಮಲ್ಲಿ ಪಾಠ ಹೇಳಿ ನೂರು ವರ್ಷ ದಾಟಿದೆ. ಆದರೂ ಹಾಸನದ ಹುಡುಗನಿಗೆ ಕೊಡುವ ಟೆಸ್ಟ್‌ನಲ್ಲಿ ಅವನನ್ನು ಹೋಲಿಸಿ ನೋಡುವ ಸರಾಸರಿ ಯಾವ ದೇಶದ್ದು ಎಂದು ಯಾರೂ ಕೇಳುವುದಿಲ್ಲ.

ಈ ಗಣಿತ ವಿವರಿಸುತ್ತದೆ, ಕಾರಣ ಹೇಳುವುದಿಲ್ಲ. ‘ಇವನು ಯಾಕೆ ಹೋಂವರ್ಕ್ ಮಾಡಲ್ಲ?’ ‘ಅಚ್ಚುಕಟ್ಟುತನದ ಸ್ಕೋರು ಕಮ್ಮಿ.’ ‘ಕಮ್ಮಿ ಅಂತ ಹೇಗೆ ಗೊತ್ತಾಯ್ತು?’ ‘ಹೋಂವರ್ಕ್ ಮಾಡಲ್ಲ ಅಂತ ಅವನೇ ಬರೆದಿದ್ದಾನಲ್ಲ.’ ಕೌನ್ಸೆಲಿಂಗ್ ಹೆಸರಿನಲ್ಲಿ ನಡೆಯುವ ಎಷ್ಟೋ ಮಾತು ಹೀಗೆ ಸುತ್ತಿ ಬಂದು ಅಲ್ಲಿಗೇ ನಿಲ್ಲುತ್ತದೆ.

ಇನ್ನು ಟೆಸ್ಟ್‌ಗಳ ಗುಣಮಟ್ಟ. ಚಿಕ್ಕಮಗಳೂರು, ಸಕಲೇಶಪುರದ ಕಡೆ ಕಾಫಿ ಕಪ್ಪಿಂಗ್, ಅಂದರೆ ರುಚಿ ಪರೀಕ್ಷೆ, ನೋಡಿದವರಿಗೆ ಇದು ಬೇಗ ಹಿಡಿಯುತ್ತದೆ. ಒಂದೇ ಲಾಟಿನ ಪುಡಿಯನ್ನು ಐದು ಕಪ್ಪಿಗೆ ಹಾಕಿ ಬಿಸಿನೀರು ಹುಯ್ದು ಇಡುತ್ತಾರೆ. ಐದೂ ಒಂದೇ ರುಚಿ ಬರಬೇಕು. ಒಂದು ಕಪ್ಪು ಬೇರೆಯಾದರೂ ಅಂಕ ಹೋಯಿತು. ಹಾಗೆಂದು ಐದೂ ಒಂದೇ ರುಚಿ ಬಂದ ಮಾತ್ರಕ್ಕೆ ಕಾಫಿ ಒಳ್ಳೆಯದು ಎಂದಾಗುವುದಿಲ್ಲ, ಐದಕ್ಕೆ ಐದೂ ಮುಗ್ಗಲು ಹೊಡೆಯಬಹುದು. ಮತ್ತೆ ಮತ್ತೆ ಅಳೆದರೂ ಒಂದೇ ಉತ್ತರ ಬರುವುದು ವಿಶ್ವಾಸಾರ್ಹತೆ. ಅಳೆಯುತ್ತೇನೆ ಎಂದು ಹೇಳಿದ್ದನ್ನೇ ಅಳೆಯುವುದು ಸಿಂಧುತ್ವ. ಎರಡನ್ನೂ ಬೇರೆ ಬೇರೆಯಾಗಿ ಸಾಬೀತು ಮಾಡಬೇಕು.

ನಾಲ್ಕಕ್ಷರದ ಟೆಸ್ಟ್, ಅಂದರೆ ಎಂಬಿಟಿಐ, ಮೊದಲನೆಯದರಲ್ಲೇ ಎಡವುತ್ತದೆ. ಕಾರ್ಲ್ ಯೂಂಗ್ 1921ರಲ್ಲಿ ಬರೆದ ವಿಚಾರಗಳನ್ನು ಹಿಡಿದು ಅಮೆರಿಕದ ತಾಯಿ ಮಗಳು, ಕ್ಯಾಥರೀನ್ ಬ್ರಿಗ್ಸ್ ಮತ್ತು ಇಸಾಬೆಲ್ ಮೈಯರ್ಸ್, ಕಟ್ಟಿದ್ದು ಇದು. ಅಂತರ್ಮುಖಿಯೋ ಬಹಿರ್ಮುಖಿಯೋ ಎಂಬಂಥ ನಾಲ್ಕು ಜೋಡಿಗಳಲ್ಲಿ ತಲಾ ಒಂದು ಅಕ್ಷರ ಕೊಟ್ಟು ಎಲ್ಲರನ್ನೂ 16 ಟೈಪ್‌ಗಳಲ್ಲಿ ಒಂದಕ್ಕೆ ಸೇರಿಸುತ್ತದೆ. ತೊಂದರೆ ಏನೆಂದರೆ ಜನ ಹಾಗೆ ಎರಡು ಗುಂಪಾಗಿ ಒಡೆದು ನಿಂತಿಲ್ಲ. ಬಹಿರ್ಮುಖತೆ ಅಳೆದರೆ ಹೆಚ್ಚಿನವರು ಸಿಗುವುದು ನಡುವೆ, ಅಂಚಿನಲ್ಲಿರುವವರು ಕೆಲವರೇ. ಜನ ದಟ್ಟವಾಗಿರುವ ಆ ನಡುಭಾಗದಲ್ಲೇ ಗೆರೆ ಎಳೆದರೆ 49 ಬಂದವನು ಅಂತರ್ಮುಖಿ, 51 ಬಂದವನು ಬಹಿರ್ಮುಖಿ. ಅದೇ 51ರವನಿಗೂ 90ರವನಿಗೂ ಒಂದೇ ಅಕ್ಷರ. ಕೆಲವು ವಾರ ಬಿಟ್ಟು ಮತ್ತೆ ಬರೆದರೆ ಒಂದಾದರೂ ಅಕ್ಷರ ಬದಲಾಗುವವರು ಬಹಳ. ಕೆಲಸಕ್ಕೆ ಆಯ್ಕೆ ಮಾಡಲು ಇದನ್ನು ಬಳಸಬೇಡಿ ಎಂದು ಅದನ್ನು ಪ್ರಕಟಿಸುವ ಕಂಪನಿಯೇ ಹೇಳುತ್ತದೆ. ಗೆಳೆಯರ ನಡುವೆ ಮಾತಿಗೊಂದು ನೆಪವಾಗಿ ಇಟ್ಟುಕೊಂಡರೆ ನನ್ನ ತಕರಾರಿಲ್ಲ.

ಬೆರಳಚ್ಚಿನ ಟೆಸ್ಟ್‌ನದು ಇದಕ್ಕೆ ತದ್ವಿರುದ್ಧ ಸಮಸ್ಯೆ. ಡಿಎಂಐಟಿ (ಡರ್ಮಟೊಗ್ಲಿಫಿಕ್ಸ್ ಮಲ್ಟಿಪಲ್ ಇಂಟೆಲಿಜೆನ್ಸ್ ಟೆಸ್ಟ್) ಎಂಬ ಹೆಸರಿನಲ್ಲಿ ನಡೆಯುವ ಇದರಲ್ಲಿ ಮಗುವಿನ ಹತ್ತೂ ಬೆರಳನ್ನು ಸ್ಕ್ಯಾನ್ ಮಾಡಿ ಬುದ್ಧಿ, ಸ್ವಭಾವ, ಮುಂದಿನ ಕೋರ್ಸು ಎಲ್ಲವನ್ನೂ ಹೇಳುತ್ತಾರೆ. ‘ಬೆರಳಚ್ಚು ಸಾಯುವ ತನಕ ಬದಲಾಗಲ್ಲ, ಅದಕ್ಕೇ ರಿಪೋರ್ಟೂ ಬದಲಾಗಲ್ಲ’ ಎಂಬುದು ಮಾರುವವರ ದೊಡ್ಡ ವಾದ. ನಿಜವೇ, ಐದು ಕಪ್ಪೂ ಒಂದೇ ರುಚಿ. ಆದರೆ ಬೆರಳಿನ ಗೆರೆಗೂ ಸ್ವಭಾವಕ್ಕೂ ನಂಟಿದೆ ಎಂಬುದಕ್ಕೆ ಪುರಾವೆ ಎಲ್ಲಿ? ಅಂಗೈ ಮತ್ತು ಬೆರಳ ಗೆರೆಗಳ ಅಧ್ಯಯನ ನಿಜವಾದ ಶಾಸ್ತ್ರವೇ. 1926ರಲ್ಲಿ ಹೆರಾಲ್ಡ್ ಕಮ್ಮಿನ್ಸ್ ಅದಕ್ಕೆ ಡರ್ಮಟೊಗ್ಲಿಫಿಕ್ಸ್ ಎಂದು ಹೆಸರಿಟ್ಟರು, ಡೌನ್ ಸಿಂಡ್ರೋಮ್‌ನಂಥ ಸ್ಥಿತಿಗಳಲ್ಲಿ ಗೆರೆಗಳ ವಿನ್ಯಾಸ ಬೇರೆ ಇರುತ್ತದೆ ಎಂದು ವೈದ್ಯರಿಗೂ ಗೊತ್ತು. ಹೊವಾರ್ಡ್ ಗಾರ್ಡ್ನರ್ 1983ರಲ್ಲಿ ಮಂಡಿಸಿದ, ಬುದ್ಧಿ ಒಂದಲ್ಲ ಹಲವು ಬಗೆಯದು ಎನ್ನುವ ಬಹುಬುದ್ಧಿಯ (ಮಲ್ಟಿಪಲ್ ಇಂಟೆಲಿಜೆನ್ಸ್) ಸಿದ್ಧಾಂತ ಇನ್ನೊಂದು ಕಡೆಯದು, ಅದರಲ್ಲಿ ಬೆರಳಿನ ಮಾತೇ ಇಲ್ಲ. ಸಂಬಂಧವಿಲ್ಲದ ಎರಡನ್ನು ತಂದು ಗಂಟು ಹಾಕಿದ ಸರಕು ಇದು. ವೈಜ್ಞಾನಿಕ ಆಧಾರವಿಲ್ಲ ಎಂದು ಭಾರತೀಯ ಮನೋವೈದ್ಯರ ಸಂಘವೇ ಹೇಳಿದೆ.

ಹಾಗಾದರೆ ‘ನಮ್ ಹುಡ್ಗನ ಬಗ್ಗೆ ಹೇಳಿದ್ದೆಲ್ಲ ಕರೆಕ್ಟಾಗಿತ್ತಲ್ಲ ಸಾರ್’ ಎಂದು ಅಷ್ಟೊಂದು ಪೋಷಕರು ಯಾಕೆ ಹೇಳುತ್ತಾರೆ? ಇದಕ್ಕೆ ಉತ್ತರ 1949ರಲ್ಲೇ ಸಿಕ್ಕಿತ್ತು. ಬರ್ಟ್ರಮ್ ಫೋರರ್ ತಮ್ಮ 39 ವಿದ್ಯಾರ್ಥಿಗಳಿಗೆ ಟೆಸ್ಟ್ ಕೊಟ್ಟು, ವಾರದ ನಂತರ ಒಬ್ಬೊಬ್ಬರ ಕೈಗೂ ‘ನಿಮ್ಮ ವರದಿ’ ಎಂದು ಒಂದೊಂದು ಹಾಳೆ ಕೊಟ್ಟರು. ಎಷ್ಟು ನಿಜ ಎಂದು 5ಕ್ಕೆ ಅಂಕ ಕೊಡಿ ಎಂದಾಗ ಬಂದ ಸರಾಸರಿ 4.26. ಎಲ್ಲರ ಹಾಳೆಯೂ ಒಂದೇ ಆಗಿತ್ತು, ವಾಕ್ಯಗಳು ಬಂದದ್ದು ಪೇಟೆಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ. ‘ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ಅಳುಕಿದೆ, ಸಾಮರ್ಥ್ಯವಿದೆ ಆದರೆ ಪೂರ್ತಿ ಬಳಸಿಲ್ಲ’ ಎಂಬ ಮಾತು ಯಾವ ಹುಡುಗನಿಗೆ ಹೊಂದುವುದಿಲ್ಲ ಹೇಳಿ. ಅದಕ್ಕೇ ರಿಪೋರ್ಟ್ ಹೊಂದುತ್ತದೋ ಇಲ್ಲವೋ ಎಂದು ನೋಡುವ ಸರಿಯಾದ ದಾರಿ ಬೇರೆ: ನಿಮ್ಮ ಮಗುವಿನದೂ ಬೇರೆ ನಾಲ್ಕು ಮಕ್ಕಳದೂ ಹೆಸರು ಮುಚ್ಚಿ ಕೊಡಲಿ, ನಿಮ್ಮದು ಯಾವುದು ಎಂದು ನೀವೇ ಗುರುತಿಸಿ.

ಈಗ ಗಂಭೀರವಾಗಿ ತೆಗೆದುಕೊಳ್ಳಬೇಕಾದ ಐದು ಗುಣಗಳ ಮಾದರಿ. ಇದರ ಫಲಿತಾಂಶಗಳು ಗಟ್ಟಿ. ಮನಶ್ಶಾಸ್ತ್ರದ ಎಷ್ಟೋ ಪ್ರಸಿದ್ಧ ಪ್ರಯೋಗಗಳು ಮರುಪರೀಕ್ಷೆಯಲ್ಲಿ ಬಿದ್ದುಹೋದ ದಶಕದಲ್ಲೇ, 2019ರಲ್ಲಿ ಕ್ರಿಸ್ಟೋಫರ್ ಸೋಟೋ ಈ ಗುಣಗಳಿಗೂ ಬದುಕಿನ ಆಗುಹೋಗುಗಳಿಗೂ ಇರುವ 78 ನಂಟುಗಳನ್ನು ಮತ್ತೆ ಪರೀಕ್ಷಿಸಿದರು. ಶೇ 87ರಷ್ಟು ಪ್ರಯತ್ನಗಳಲ್ಲಿ ಹಿಂದಿನ ಫಲಿತಾಂಶವೇ ಮರಳಿ ಬಂತು. ಆದರೆ ನಂಟು ಇದೆ ಎನ್ನುವುದು ಬೇರೆ, ಎಷ್ಟಿದೆ ಎನ್ನುವುದು ಬೇರೆ. ಕೆಲಸದಲ್ಲಿ ಚೆನ್ನಾಗಿ ಮಾಡುತ್ತಾರೋ ಇಲ್ಲವೋ ಎಂಬುದನ್ನು ಹೆಚ್ಚು ಮುನ್ಸೂಚಿಸುವ ಗುಣ ಅಚ್ಚುಕಟ್ಟುತನ. ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ತೂಗಿದಾಗ ಅದರ ಸಹಸಂಬಂಧ (0 ಎಂದರೆ ನಂಟೇ ಇಲ್ಲ, 1 ಎಂದರೆ ಪೂರ್ತಿ ನಂಟು) ಬಂದದ್ದು 0.19. ಎಲ್ಲರಿಗೂ ಅವೇ ಪ್ರಶ್ನೆ ಕೇಳಿ ಮೊದಲೇ ಗೊತ್ತು ಮಾಡಿದ ಕ್ರಮದಲ್ಲಿ ಅಂಕ ಕೊಡುವ ಸಂದರ್ಶನದ್ದು 0.42.

0.19 ಎಂದರೆ ಏನು? ಈ ಗುಣದ ಸ್ಕೋರಿನಲ್ಲಿ ಮೇಲಿನ ಅರ್ಧದಲ್ಲಿ ಬಂದ 100 ಜನರನ್ನು ತೆಗೆದುಕೊಳ್ಳಿ. ಅವರಲ್ಲಿ ಕೆಲಸದಲ್ಲೂ ಮೇಲಿನ ಅರ್ಧಕ್ಕೆ ಬರುವವರು ಸುಮಾರು 56. ಟೆಸ್ಟೇ ಇಲ್ಲದೆ ಕಣ್ಣುಮುಚ್ಚಿ ಆರಿಸಿದ್ದರೆ 50. ಕ್ರಮಬದ್ಧ ಸಂದರ್ಶನದಲ್ಲಿ ಅದು 64ರ ಆಸುಪಾಸು. ಸಾವಿರಾರು ಜನರನ್ನು ಸೇರಿಸಿಕೊಳ್ಳುವ ಕಂಪನಿಗೆ ಆ 6 ಜನರ ಲಾಭ ಲಾಭವೇ. ಸ್ಕೋರು ಕಮ್ಮಿ ಬಂದು ಲಿಸ್ಟಿನಿಂದ ಹೊರಬಿದ್ದ ಚನ್ನರಾಯಪಟ್ಟಣದ ಹುಡುಗಿಯ ಕಡೆಯಿಂದ ನೋಡಿದರೆ, ಕೆಳಗಿನ ಅರ್ಧದಲ್ಲಿದ್ದ 100 ಮಂದಿಯಲ್ಲೂ ಸುಮಾರು 44 ಜನ ಕೆಲಸದಲ್ಲಿ ಮೇಲಿನ ಅರ್ಧಕ್ಕೆ ಬರುತ್ತಿದ್ದರು. ಒಂದೇ ಸಂಖ್ಯೆ, ಅಲ್ಲಿ ಲಾಭ, ಇಲ್ಲಿ ಅನ್ಯಾಯ.

ಇಷ್ಟು ಕಮ್ಮಿ ಯಾಕೆ ಎಂಬುದರ ಸುತ್ತ ಈ ಕ್ಷೇತ್ರದ ಅತಿ ದೊಡ್ಡ ಜಗಳವೇ ನಡೆದುಹೋಗಿದೆ. 1928ರಲ್ಲಿ ಹಾರ್ಟ್‌ಶಾರ್ನ್ ಮತ್ತು ಮೇ ಸಾವಿರಾರು ಶಾಲಾಮಕ್ಕಳಿಗೆ ಮೋಸ ಮಾಡುವ ಅವಕಾಶ ಕೊಟ್ಟು ನೋಡಿದ್ದರು. ಪರೀಕ್ಷೆಯಲ್ಲಿ ಕಾಪಿ ಹೊಡೆದ ಮಗು ಆಟದಲ್ಲೂ ಮೋಸ ಮಾಡುತ್ತದೆ ಎಂದು ಹೇಳಲಾಗಲಿಲ್ಲ. 1968ರಲ್ಲಿ ವಾಲ್ಟರ್ ಮಿಶೆಲ್, ಗುಣದ ಸ್ಕೋರಿಗೂ ಒಂದು ನಿರ್ದಿಷ್ಟ ಸಂದರ್ಭದ ನಡವಳಿಕೆಗೂ ಇರುವ ಸಹಸಂಬಂಧ 0.30 ದಾಟುವುದೇ ಅಪರೂಪ ಎಂದು ತೋರಿಸಿದರು. ಹಾಗಾದರೆ ವ್ಯಕ್ತಿತ್ವ ಎಂಬುದೇ ಇಲ್ಲವೇ? ವರ್ಷಗಟ್ಟಲೆ ಜಟಾಪಟಿ ನಡೆದ ಮೇಲೆ ಮಿಶೆಲ್ ಮತ್ತು ಶೋಡಾ ಕೊಟ್ಟ ಉತ್ತರ ನನಗೆ ಎಲ್ಲಕ್ಕಿಂತ ಹಿಡಿಸಿದ್ದು. ಬೇಸಿಗೆ ಶಿಬಿರವೊಂದರಲ್ಲಿ 84 ಮಕ್ಕಳನ್ನು ವಾರಗಟ್ಟಲೆ ಗಮನಿಸಿ, ಸ್ಥಿರವಾಗಿರುವುದು ಸರಾಸರಿ ಸ್ಕೋರು ಮಾತ್ರವಲ್ಲ, ‘ಹೀಗಾದರೆ ಹಾಗೆ’ ಎಂಬ ಜೋಡಿಗಳೂ ಸ್ಥಿರ ಎಂದರು. ಒಂದು ಮಗು ಜತೆಯವರು ರೇಗಿಸಿದರೆ ಸುಮ್ಮನಿರುತ್ತದೆ, ದೊಡ್ಡವರು ಗದರಿದರೆ ಸಿಡಿಯುತ್ತದೆ. ಇನ್ನೊಂದು ಇದಕ್ಕೆ ಉಲ್ಟಾ. ಇಬ್ಬರ ಸಿಟ್ಟಿನ ಒಟ್ಟು ಸ್ಕೋರು ಒಂದೇ ಬರಬಹುದು.

ಆಲೂರಿನಿಂದ ಹಾಸನಕ್ಕೆ ಬೆಳಗಿನ ಬಸ್ಸಿಗೆ ಬರುವ ಪಿಯುಸಿ ಹುಡುಗಿಯೊಬ್ಬಳನ್ನು ನೆನೆಸಿಕೊಳ್ಳಿ. ಹತ್ತನೆಯವರೆಗೆ ಕನ್ನಡ ಮೀಡಿಯಂ. ಬಸ್ಸಿನಲ್ಲಿ ಅವಳ ಬಾಯಿಗೆ ಬಿಡುವಿಲ್ಲ. ಪಾಸು ಕೇಳುವ ಕಂಡಕ್ಟರ್‌ಗೂ ತಿರುಗಿ ಒಂದು ಮಾತು ಹೇಳಿಯೇ ಹೇಳುತ್ತಾಳೆ. ಕೆಮಿಸ್ಟ್ರಿ ಕ್ಲಾಸಿನಲ್ಲಿ ಲೆಕ್ಚರರ್ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರೆ ತಲೆ ಬಗ್ಗಿಸಿ ನೋಟ್ಸ್ ನೋಡುತ್ತಾಳೆ. ‘ಗುಂಪಿನಲ್ಲಿ ಮಾತಾಡಲು ಹಿಂಜರಿಯುತ್ತೇನೆ’ ಎಂಬ ವಾಕ್ಯ ಕಾಲೇಜಿನ ಹಾಲಿನಲ್ಲಿ ಅವಳ ಮುಂದೆ ಬಂದಾಗ ಅವಳಿಗೆ ನೆನಪಾಗುವುದು ಬಸ್ಸಲ್ಲ, ಕ್ಲಾಸು. ‘ಪೂರ್ತಿ ಒಪ್ಪುತ್ತೇನೆ.’ ರಿಪೋರ್ಟಿನಲ್ಲಿ ಅಂತರ್ಮುಖಿ ಎಂದು ಬರುತ್ತದೆ, ‘ಜನರ ಜತೆ ಕೆಲಸ ಇರುವ ಕೋರ್ಸು ಬೇಡ’ ಎಂಬ ಸಲಹೆಯೂ ಕೆಳಗೆ ಬರುತ್ತದೆ. ಬೇಕಿದ್ದದ್ದು ಭಾಷೆಯ ಭಯ ಬಿಡಿಸುವ ಒಬ್ಬ ಮೇಷ್ಟ್ರು.

ಪ್ರಶ್ನಾವಳಿಯ ಇನ್ನೊಂದು ಗುಟ್ಟು, ಅದು ಯಾರನ್ನು ಕೇಳಿ ತಯಾರಾಯಿತು ಎಂಬುದು. ಜೋಸೆಫ್ ಹೆನ್ರಿಕ್ ಮತ್ತು ಜತೆಗಾರರು 2010ರಲ್ಲಿ ಎತ್ತಿ ತೋರಿಸಿದ ಲೆಕ್ಕದಂತೆ ಮನಶ್ಶಾಸ್ತ್ರದ ಪ್ರಮುಖ ಪತ್ರಿಕೆಗಳ ಅಧ್ಯಯನಗಳಲ್ಲಿ ಪಾಲ್ಗೊಂಡವರಲ್ಲಿ ಶೇ 96ರಷ್ಟು ಜನ, ಜಗತ್ತಿನ ಶೇ 12ರಷ್ಟು ಜನಸಂಖ್ಯೆ ಇರುವ ದೇಶಗಳವರು. 2013ರಲ್ಲಿ ಬೊಲಿವಿಯಾದ ಕಾಡಂಚಿನ ಸಿಮಾನೆ ಸಮುದಾಯದ 632 ಮಂದಿಯನ್ನು ಕೇಳಿದಾಗ ಐದು ಗೊಂಚಲು ಕಾಣಲೇ ಇಲ್ಲ. 2019ರಲ್ಲಿ ಲಾಜಾಜ್ ಮತ್ತು ಸಂಗಡಿಗರು 23 ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳ 94,751 ಜನರ ಉತ್ತರ ನೋಡಿದಾಗ ಸಿಕ್ಕ ಸಂಗತಿ ಇನ್ನೂ ಸ್ವಾರಸ್ಯದ್ದು: ಮನೆಬಾಗಿಲಿಗೆ ಹೋಗಿ ಕೇಳಿದ ಸಮೀಕ್ಷೆಗಳಲ್ಲಿ ಐದು ಗುಣ ಕಲಸಿಹೋಗಿದ್ದವು, ಇಂಟರ್ನೆಟ್‌ನಲ್ಲಿ ತಾವೇ ಉತ್ತರಿಸಿದ ಅದೇ ದೇಶಗಳ ಬೇರೆ ಜನರಲ್ಲಿ ಹೆಚ್ಚು ಸ್ಪಷ್ಟವಾಗಿ ಬಂದಿದ್ದವು. ಒಂದು ಮುಖ್ಯ ಕಾರಣ, ಕೇಳಿದ್ದಕ್ಕೆಲ್ಲ ಹೂಂ ಎನ್ನುವ ಅಭ್ಯಾಸ.

ಮನೆ ಮನೆ ಸಮೀಕ್ಷೆಗೆ ಬರುವ ಆಶಾ ಕಾರ್ಯಕರ್ತೆಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ‘ಅಜ್ಜಿ, ನೀವು ಜಾಸ್ತಿ ಮಾತಾಡೋರಾ?’ ‘ಹೂಂ ಕಣವ್ವ.’ ‘ಇಲ್ಲಾ ಯಾರ ಜತೆನೂ ಸೇರದೆ ಸುಮ್ನಿರೋರಾ?’ ‘ಹೂಂ, ಅದೂ ಸೈ. ಬರ್ಕೊ.’ ಅಜ್ಜಿ ಸುಳ್ಳು ಹೇಳುತ್ತಿಲ್ಲ. ಬಿಸಿಲಲ್ಲಿ ನಡೆದು ಬಂದ ಹುಡುಗಿಗೆ ಇಲ್ಲ ಅನ್ನಬಾರದು ಎಂಬುದು ಅವಳ ಲೆಕ್ಕ. ಕ್ಯಾಂಪಸ್ ಸೆಲೆಕ್ಷನ್‌ಗೆ ಕೂತ ಹುಡುಗನ ಲೆಕ್ಕ ಬೇರೆ: ‘ಕೆಲಸವನ್ನು ನಾಳೆಗೆ ತಳ್ಳುತ್ತೇನೆ’ ಎಂಬುದಕ್ಕೆ ‘ಹೌದು’ ಒತ್ತುವಷ್ಟು ದಡ್ಡ ಅವನಲ್ಲ. ಇದನ್ನು ತಪ್ಪಿಸಲು ಎರಡೂ ಒಳ್ಳೆಯದೇ ಆದ ವಾಕ್ಯ ಕೊಟ್ಟು ಒಂದನ್ನು ಆರಿಸಿ ಎನ್ನುವ ವಿಧಾನವಿದೆ. ಅಲ್ಪಸ್ವಲ್ಪ ಉಪಯೋಗವಾಗುತ್ತದೆ, ಪೂರ್ತಿ ಅಲ್ಲ.

ಸಂಶೋಧಕರು ಅದಕ್ಕೇ ಒಂದೇ ಪ್ರಶ್ನಾವಳಿಗೆ ಜೋತು ಬೀಳುವುದಿಲ್ಲ. ಬಲ್ಲವರನ್ನು ಕೇಳುತ್ತಾರೆ. ಸಿಮಿನ್ ವಜೀರ್ 2010ರಲ್ಲಿ ತೋರಿಸಿದಂತೆ ಆತಂಕದಂಥ ಒಳಗಿನ ಸಂಗತಿ ನಮಗೇ ಚೆನ್ನಾಗಿ ಗೊತ್ತು, ಬುದ್ಧಿವಂತಿಕೆಯಂಥ ಹೊಗಳಿಕೆಯ ವಿಷಯದಲ್ಲಿ ಗೆಳೆಯರ ಅಂದಾಜೇ ಹೆಚ್ಚು ಸರಿ. ಹಾಸ್ಟೆಲ್ ರೂಮ್‌ಮೇಟ್‌ನ ಒಂದು ಮಾತಿಗೆ ಎಷ್ಟು ಬೆಲೆ ಎಂದು ಲೆಕ್ಕ ಹಾಕಿ. ಮೊಬೈಲಿಗೆ ದಿನಕ್ಕೆ ನಾಲ್ಕಾರು ಸಲ ಸದ್ದು ಬರಿಸಿ ‘ಈಗ ಏನು ಮಾಡುತ್ತಿದ್ದೀರಿ, ಎಷ್ಟು ಮಾತಾಡಿದಿರಿ’ ಎಂದು ಕೇಳುವುದು ಇನ್ನೊಂದು ವಿಧಾನ. 2001ರಲ್ಲಿ ವಿಲಿಯಂ ಫ್ಲೀಸನ್ ಹೀಗೆ ಕ್ಷಣಕ್ಷಣದ ಮಾಹಿತಿ ಕಲೆಹಾಕಿದಾಗ, ಒಬ್ಬನೇ ಮನುಷ್ಯ ವಾರದೊಳಗೆ ಬಹಿರ್ಮುಖಿಯಂತೆಯೂ ಅಂತರ್ಮುಖಿಯಂತೆಯೂ ನಡೆದುಕೊಳ್ಳುವುದು ಕಂಡಿತು. ಹಾಗಿದ್ದೂ ಅವನ ವಾರದ ಸರಾಸರಿ ಮುಂದಿನ ವಾರಕ್ಕೂ ಬಹುತೇಕ ಹಾಗೇ ಉಳಿಯುತ್ತಿತ್ತು. ಅವಳಿಗಳ ಅಧ್ಯಯನಗಳ ಪ್ರಕಾರ ಜನರ ನಡುವಿನ ವ್ಯತ್ಯಾಸದಲ್ಲಿ ಶೇ 40ರ ಆಸುಪಾಸು ಹುಟ್ಟಿನಿಂದ ಬಂದದ್ದು. ಇದೂ ಗುಂಪಿನ ಲೆಕ್ಕವೇ. ನಿಮ್ಮ ಮಗನ ಸಿಟ್ಟಿನಲ್ಲಿ ಶೇ 40 ತಾತನದು ಎಂದರ್ಥವಲ್ಲ.

ಒಂದೇ ಗುಂಪನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನಗಳು ಹೇಳುವುದು ಪಿಯುಸಿ ಮಕ್ಕಳ ಪೋಷಕರಿಗೆ ಎಲ್ಲಕ್ಕಿಂತ ಮುಖ್ಯ. ಬ್ರೆಂಟ್ ರಾಬರ್ಟ್ಸ್ ಮತ್ತು ಜತೆಗಾರರು 2006ರಲ್ಲಿ ಇಂಥ 92 ಗುಂಪುಗಳ ಫಲಿತಾಂಶವನ್ನು ಒಟ್ಟು ಮಾಡಿದರು. ವಯಸ್ಸಾದಂತೆ ಜನ ಹೆಚ್ಚು ಅಚ್ಚುಕಟ್ಟಾಗುತ್ತಾರೆ, ಮನಸ್ಸು ಹೆಚ್ಚು ತಿಳಿಯಾಗುತ್ತದೆ, ಮತ್ತು ಈ ಬದಲಾವಣೆ ಜೋರಾಗಿ ನಡೆಯುವುದು 20ರಿಂದ 40ರ ನಡುವೆ. 16ರ ಹುಡುಗನ ಸ್ಕೋರು ಹಿಡಿದು 40ರ ಉದ್ಯೋಗ ನಿರ್ಧರಿಸಲು ಹೊರಟವರಿಗೆ ಈ ಒಂದು ಫಲಿತಾಂಶ ಸಾಕು.

ಈಗ ಕಂಪ್ಯೂಟರ್ ಬೇರೆ ಬಂದಿದೆ. 300 ಫೇಸ್‌ಬುಕ್ ಲೈಕ್ ಸಿಕ್ಕರೆ ಗಂಡ ಹೆಂಡತಿಗಿಂತ ಚೆನ್ನಾಗಿ ನಿಮ್ಮ ಸ್ವಭಾವ ಹೇಳಬಲ್ಲದು ಎಂಬ 2015ರ ಅಧ್ಯಯನ ದೊಡ್ಡ ಸುದ್ದಿಯಾಗಿತ್ತು. ಚೆನ್ನಾಗಿ ಎಂದು ಅಳೆದದ್ದು ಹೆಚ್ಚಾಗಿ ಅದೇ ಪ್ರಶ್ನಾವಳಿಯ ಉತ್ತರಕ್ಕೆ ಹೋಲಿಸಿ ಎಂಬುದು ಸುದ್ದಿಯಾಗಲಿಲ್ಲ. ವಿಡಿಯೊ ಸಂದರ್ಶನದಲ್ಲಿ ಮುಖಭಾವ ಓದುತ್ತೇವೆ ಎನ್ನುತ್ತಿದ್ದ ಅಮೆರಿಕದ ಹೈರ್‌ವ್ಯೂ ಕಂಪನಿ 2021ರಲ್ಲಿ ಅದನ್ನು ಕೈಬಿಟ್ಟಿತು. ನಮ್ಮದೇ ಸತ್ವ, ರಜಸ್ಸು, ತಮಸ್ಸುಗಳನ್ನು ಅಳೆಯುವ ಪ್ರಶ್ನಾವಳಿಗಳನ್ನೂ ಭಾರತದಲ್ಲಿ ಮಾಡಿದ್ದಾರೆ. ದೇಶೀ ಎಂದು ವಿನಾಯಿತಿ ಕೊಡುವ ಹಾಗಿಲ್ಲ. ‘ನಾನು ಶಾಂತಚಿತ್ತ’ ಎಂಬುದಕ್ಕೆ ಇಲ್ಲ ಎನ್ನುವವರು ಎಷ್ಟು ಜನ?

ಶಾಲೆಗೋ ಮನೆಗೋ ಟೆಸ್ಟ್ ಹಿಡಿದು ಬಂದವರನ್ನು ಕೇಳಬೇಕಾದದ್ದು ಹೆಚ್ಚೇನಿಲ್ಲ. ತಿಂಗಳು ಬಿಟ್ಟು ಮತ್ತೆ ಕೊಟ್ಟಾಗ ಉತ್ತರ ಎಷ್ಟು ಹೊಂದಿತು, ಕನ್ನಡದಲ್ಲಿ ಕೊಟ್ಟು ಕನ್ನಡದ ಮಕ್ಕಳ ಸರಾಸರಿ ತೆಗೆದಿದ್ದೀರಾ, ಈ ಸ್ಕೋರು ಯಾವುದನ್ನು ಎಷ್ಟರ ಮಟ್ಟಿಗೆ ಮುನ್ಸೂಚಿಸಿದೆ, ಎಲ್ಲಿ ಪ್ರಕಟವಾಗಿದೆ. ಬೆರಳಚ್ಚು ತೆಗೆಯುವವರಾದರೆ ಅದು ಯಾವ ಸರ್ವರಿನಲ್ಲಿ ಎಷ್ಟು ವರ್ಷ ಇರುತ್ತದೆ ಎಂದೂ ಕೇಳಿ. 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು ಎಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಶಾಲೆಯ ಸುತ್ತೋಲೆಯ ಕೆಳಗಿನ ಒಂದು ರುಜುವಿನಲ್ಲಿ ಆ ಒಪ್ಪಿಗೆಯೂ ಸೇರಿಹೋಗಿರಬಹುದು, ಓದಿ ಹಾಕಿ.

ಕನ್ನಡದ ಸರಾಸರಿ ತೆಗೆಯುವುದು ಆಗದ ಕೆಲಸವೇನಲ್ಲ. ಗೋಲ್ಡ್‌ಬರ್ಗ್ ಶುರು ಮಾಡಿದ ಪ್ರಶ್ನೆಗಳ ಭಂಡಾರವೊಂದು ಇಂಟರ್ನೆಟ್‌ನಲ್ಲಿ ಉಚಿತವಾಗಿದೆ, ಅನುವಾದಕ್ಕೆ ಅನುಮತಿ ಬೇಕಿಲ್ಲ. ಹಾಸನ, ಬೇಲೂರು, ಮೂಡಿಗೆರೆ, ತರೀಕೆರೆಯ ಕೆಲವು ನೂರು ವಿದ್ಯಾರ್ಥಿಗಳು ಒಪ್ಪಿ ಬರೆಯಬೇಕು, ತಿಂಗಳ ನಂತರ ಅವರೇ ಮತ್ತೆ ಬರೆಯಬೇಕು, ಪ್ರತಿಯೊಬ್ಬರ ಬಗ್ಗೆ ಇಬ್ಬರು ಗೆಳೆಯರೂ ತುಂಬಿಕೊಡಬೇಕು. ಎರಡು ವರ್ಷದ ಎಂ.ಎ. ಕೋರ್ಸಿನ ಒಂದು ಪ್ರಾಜೆಕ್ಟ್‌ನಷ್ಟು ಕೆಲಸ. ಹೂಂ ಅನ್ನುವವರನ್ನು ಹಿಡಿಯಲು ಉಲ್ಟಾ ಅರ್ಥದ ವಾಕ್ಯಗಳನ್ನು ನಡುವೆ ನಡುವೆ ಸೇರಿಸಬೇಕಾಗುತ್ತದೆ, ಎರಡೆರಡು ‘ಇಲ್ಲ’ ಬಂದು ಓದುವವರು ಗೊಂದಲಕ್ಕೆ ಬೀಳದಂತೆ.